ಬೆಳಗಾವಿಯಿಂದ ಲಖನೌಗೆ ಎರಡು ತಾಸು

ಘಟಪ್ರಭಾ ಸ್ಟೇಶನ್ನಿನಲ್ಲಿ, ರೈಲು ಇನ್ನೇನು ಅಲುಗಬೇಕು ಅನ್ನುವಾಗ, ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೂತಿದ್ದ ತಾಯವ್ವ ನಗುತ್ತ ಕೇಳಿದ್ದಳು: ‘ಅಣ್ಣಾ, ಇಷ್ಟ ದೂರ ಕೊಟ್ಟೀರಿ. ನಾಳೆ ನಾ ಸತ್ತರ ತವರಿನ ಸೀರಿ ಹೆಂಗ ಬಂದ ಮುಟ್ಟತೈತಿ?’ ಭೀಮಶಿಯೂ ನಕ್ಕಿದ್ದ. ‘ವಿಮಾನದಾಗ ತರ್ತೀನಿ ತಗೋ. ನಾನ ತಂದ, ನನ್ನ ಕೈಲೆ ಹೊಚ್ಚತೀನಿ.’ ಪಕ್ಕದಲ್ಲಿ ನಿಂತಿದ್ದ ಅವ್ವ ಇಬ್ಬರಿಗೂ ಬೈದಳು. ‘ಬಿಡ್ತು ಅನ್ರಿ ಇಬ್ರೂ! ಹಚ್ಚಿದ ಅರಿಸಿಣ ಇನ್ನಾ ಆರಿಲ್ಲ, ಬಾಯಾಗ ಎಂಥಾ ಮಾತ!’ ತಾಯವ್ವ ‘ಬಿಡ್ತು, ಬಿಡ್ತು’ ಎಂದು ಕೆನ್ನೆ ಬಡಿದುಕೊಂಡಳು. ಭೀಮಶಿ ಅನ್ನಲಿಲ್ಲ. ಅನ್ನಬೇಕೆನ್ನುವಷ್ಟರಲ್ಲಿ ರೈಲು ಹೊರಟಿತ್ತು, ಅವನು ಕೈ ಬೀಸುತ್ತ ಅದರ ಜೊತೆ ನಾಲ್ಕು ಹೆಜ್ಜೆ ಓಡಿ, ನೀರಿನ ನಳದ ಹತ್ತಿರ ಕಾಲು ಜಾರಿ, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದ್ದ.

ಆ ಮಾತನ್ನು ಅವನು ಮರೆತಿದ್ದ. ಮರೆತಿದ್ದೆ ಎಂದೇ ಅಂದುಕೊಂಡಿದ್ದ. ಇವತ್ತು ಬೆಳಕು ಹರಿಯುವ ಮುಂಚೆ ಫೋನಿನಲ್ಲಿ ತಾಯವ್ವನ ಗಂಡ ಪರಶುರಾಮ ‘ಮಾವಾರ, ನಿಮ್ಮ ತಂಗಿ ಹೋದಳ್ರಿ’ ಎಂದಾಗ, ಎದೆನೋವು ಎಂದಳು, ಜೀಪಿಗೆ ಹತ್ತಿಸುವುದರೊಳಗೇ ಆಯಿತು ಎಂದು ಅವನು ಒಂದೊಂದೇ ಶಬ್ದ ಕಿತ್ತು ಕೊಡುತ್ತಿದ್ದಾಗ, ಭೀಮಶಿಗೆ ಮೊದಲು ನೆನಪಾದದ್ದು ತಂಗಿಯ ಮುಖವಲ್ಲ, ಆ ನಳದ ಹತ್ತಿರದ ಒದ್ದೆ ನೆಲ. ಮುತ್ತೈದೆಯಾಗಿ ಹೋದವಳ ಮೈಮೇಲೆ ಗಂಡನ ಮನೆಯ ಸೀರೆಯ ಮೇಲೆ ಕಡೆಯದಾಗಿ ತವರಿನ ಸೀರೆ ಬೀಳಬೇಕು. ಅದು ಬೀಳುವ ತನಕ ಹೆಣ ಎತ್ತುವುದಿಲ್ಲ. ಇಲ್ಲಿಯೇ ಮೂಡಲಗಿಯ ಸುತ್ತಮುತ್ತ ಕೊಟ್ಟಿದ್ದರೆ, ಕುಲಗೋಡಕ್ಕೋ ಹುಕ್ಕೇರಿಗೋ, ಮೋಟರ್ ಸೈಕಲ್ಲಿನ ಮೇಲೆ ಸೀರೆ ಇಟ್ಟುಕೊಂಡು ಅರ್ಧ ದಾರಿಯಲ್ಲಿರುತ್ತಿದ್ದ. ಪರಶುರಾಮನದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಕುದಿಸಿ ಹರಳು ಕಟ್ಟಿಸುವ ಕೆಲಸ. ಈ ಸೀಮೆಯಲ್ಲಿ ಆ ಕಸುಬು ಕಲಿತವರನ್ನು ಉತ್ತರದ ಕಾರ್ಖಾನೆಗಳು ಕರೆದು ಪಗಾರ ಕೊಡುತ್ತಿದ್ದ ಕಾಲ ಅದು. ಹಾಗೆ ಹೋದವನು ಲಖನೌದಿಂದಾಚೆ ಎಲ್ಲೋ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಉಳಿದುಬಿಟ್ಟ. ಫೋನಿನಲ್ಲಿ ಪರಶುರಾಮ ಮುಂದುವರಿಸಿದ: ‘ಇಲ್ಲೆ ಬಿಸಲ ಭಾಳ ಐತ್ರಿ ಮಾವಾರ. ಇಲ್ಲಿ ಮಂದಿ ಲಗೂನ ಒಯ್ಯೂನು ಅಂತಾರ. ನೀವು ಹೂಂ ಅಂದ್ರ ಸೀರಿ ಇಲ್ಲೇ ತಗೊಂಡ, ನಿಮ್ಮ ಹೆಸರಲೆ ನಾನ ಹೊಚ್ಚತೀನಿ.’

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಫೋನು ಕಿವಿಗಿಟ್ಟುಕೊಂಡೇ ಭೀಮಶಿ ಮಗಳ ಕಡೆ ನೋಡಿದ, ‘ಶೀತಲ್, ವಿಮಾನಕ್ಕ ಎಷ್ಟ ತಾಸ ಆಕ್ಕೈತಿ ನೋಡ ಬೇ, ಬೆಳಗಾವಿಂದ ಲಖನೌಕ್ಕ.’ ಹಾಸಿಗೆಯಿಂದ ಎದ್ದು ಬಂದು ಅಳುತ್ತ ನಿಂತಿದ್ದ ಶೀತಲ್ ಮೂಗೊರೆಸಿಕೊಂಡು ಮೊಬೈಲ್ ತೀಡಿದಳು, ಓದಿದಳು: ವಿಮಾನ ಮಾರ್ಗದ ದೂರ ಸಾವಿರದ ಮುನ್ನೂರ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ, ಹಾರಾಟದ ಸಮಯ ಎರಡು ತಾಸು ಹತ್ತು ನಿಮಿಷ. ಎರಡು ತಾಸು! ಮೂಡಲಗಿಯಿಂದ ಬೆಳಗಾವಿಗೇ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಇಷ್ಟು ವರ್ಷ ದೂರ, ದೂರ ಎಂದದ್ದು ಇಷ್ಟೇ ಆಗಿತ್ತೆ? ದುಃಖದ ನಡುವೆಯೂ ಒಂದು ತರಹದ ಹಿಗ್ಗು, ನಾಚಿಕೆಗೇಡಿನ ಹಿಗ್ಗು. ‘ಅಳಿಯಾರ, ಯಾರೂ ಹೊಚ್ಚಬ್ಯಾಡ್ರಿ. ನಾ ವಿಮಾನಕ್ಕ ಬರ್ತೀನಿ. ಎರಡ ತಾಸಿನ ದಾರಿ. ಮಧ್ಯಾಹ್ನದಾಗ ಅಲ್ಲಿರ್ತೀನಿ. ಕಾಯ್ರಿ.’ ಆ ಕಡೆ ಪರಶುರಾಮ ಯಾರಿಗೋ ಹಿಂದಿಯಲ್ಲಿ ಹೇಳುವುದು ಕೇಳಿಸಿತು: ಅಣ್ಣ ವಿಮಾನದಲ್ಲಿ ಬರುತ್ತಿದ್ದಾನೆ. ಆ ದನಿಯಲ್ಲಿ ಸತ್ತವಳ ಬಗ್ಗೆ ಸಣ್ಣದೊಂದು ಅಭಿಮಾನವಿತ್ತು.

ಶೀತಲ್ ಇನ್ನೂ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದಳು. ಫೋನು ಕೆಳಗಿಟ್ಟ ಮೇಲೆ ಮೆಲ್ಲಗೆ ಅಂದಳು, ‘ಅಪ್ಪಾ, ಅದು ಬರೇ ಲೆಕ್ಕ. ಎರಡು ಊರಿನ ನಡುವ ಗೆರಿ ಹೊಡದ ಹೇಳ್ತಾರ. ಹಂಗ ಹೋಗೂ ವಿಮಾನ ಇಲ್ಲ.’ ‘ಇಲ್ಲ ಅಂದ್ರ? ದೂರ ಬರದಾರ, ತಾಸ ಬರದಾರ.’ ‘ಯಾವ ಎರಡು ಊರಿನ ಹೆಸರು ಹಾಕಿದ್ರೂ ಬರೀತೈತಿ ಅಪ್ಪಾ. ಬೆಂಗಳೂರಿಗೆ ಹೋಗಬೇಕು, ಅಲ್ಲಿ ಕುಂದರಬೇಕು, ಮತ್ತೊಂದು ಹಿಡೀಬೇಕು. ಲಖನೌ ಮುಟ್ಟೂದ್ರಾಗ ಸಂಜಿ. ಅಲ್ಲಿಂದ ಅತ್ತಿ ಊರು ಮತ್ತ ಮೂರು ತಾಸು.’ ಹೆಂಡತಿ ಉದ್ದವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು. ‘ಫೋನ್ ಹಚ್ಚಿ ಹೇಳ್ರಿ ಮತ್ತ, ತಪ್ಪಾತು ಅಂತ. ಈಗ ಹೇಳಿದ್ರ ಏನ ಹೋಗತೈತಿ?’ ‘ಹೇಳ್ತೀನಿ’ ಎಂದ ಭೀಮಶಿ. ಹಲ್ಲುಜ್ಜಿ ಬಂದು ಹೇಳಬೇಕೆಂದುಕೊಂಡ. ಅಂಗಿ ಹಾಕಿಕೊಂಡು ಹೇಳಬೇಕೆಂದುಕೊಂಡ. ಶೀತಲ್ ಗೆಳತಿಯೊಬ್ಬಳನ್ನು ಎಬ್ಬಿಸಿ ಅವಳ ಅಣ್ಣನಿಂದ ಟಿಕೀಟು ತೆಗೆಸಿದಳು. ಉದ್ದವ್ವ ಉಡಿ ತುಂಬುವ ಸಾಮಾನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕೈಚೀಲದಲ್ಲಿಟ್ಟಳು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿಣ ಕೊಂಬು. ಓಣಿಯ ಈಶ್ವರ ತನ್ನ ಗಾಡಿ ತಂದು ನಿಲ್ಲಿಸಿದ. ಪಕ್ಕದಲ್ಲಿ ಭೀಮಶಿಯ ಹಿಟ್ಟಿನ ಗಿರಣಿಗೆ ಬೀಗ ಬಿದ್ದದ್ದು ನೋಡಿ ಡಬ್ಬಿ ಹಿಡಿದು ಬಂದ ಹೆಂಗಸೊಬ್ಬಳು ‘ಏನ್ರಿ, ಇವತ್ತ ಗಿರಣಿ ಬಂದ್?’ ಎಂದು ಕೇಳಿ, ಮುಖ ನೋಡಿ, ಡಬ್ಬಿಯನ್ನು ಸೆರಗಿನ ಮರೆಗೆ ಸರಿಸಿಕೊಂಡಳು.

ಗಿರಣಿಯ ಸದ್ದಿನಲ್ಲಿಯೇ ಅಲ್ಲವೇ ತಾಯವ್ವನ ಕೊನೆಯ ಫೋನು ಬಂದದ್ದು. ಹದಿನೈದು ದಿನವಾಗಿರಬಹುದು. ಬೆಲ್ಟು ಸುತ್ತುತ್ತಿತ್ತು, ಕಲ್ಲಿನ ಬಾಯಿಂದ ಜೋಳ ಬಿಸಿಬಿಸಿಯಾಗಿ ಹಿಟ್ಟಾಗಿ ಉದುರುತ್ತಿತ್ತು, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ‘ಏನಂತಿ? ಜೋರ ಮಾತಾಡ’ ಎಂದಿದ್ದ. ಅವಳು ಏನೋ ಹೇಳಿದಳು. ಮತ್ತೆ ಹೇಳಿದಳು. ‘ಏನೂ ಕೇಳವಲ್ದು ತಂಗಿ, ಆಮ್ಯಾಲೆ ನಾನ ಹಚ್ಚತೀನಿ’ ಎಂದು ಇಟ್ಟಿದ್ದ. ಹಚ್ಚಲಿಲ್ಲ. ಅವಳು ಏನು ಹೇಳಿದಳು? ಈಶ್ವರನ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಆ ಮಾತನ್ನು ಸದ್ದಿನೊಳಗಿಂದ ಹೆಕ್ಕಲು ನೋಡಿದ. ಒಮ್ಮೆ ‘ಪಂಚಮಿ’ ಎಂದಂತೆ ಕೇಳಿಸಿತು. ಒಮ್ಮೆ ‘ಎದಿ’ ಎಂದಂತೆ. ಎರಡೂ ಅವನೇ ಈಗ ಅವಳ ಬಾಯಲ್ಲಿ ಇಡುತ್ತಿದ್ದ ಮಾತುಗಳಿರಬಹುದು. ಮದುವೆಯಾದ ಮೊದಲೆರಡು ವರ್ಷ ನಾಗಪಂಚಮಿಗೆ ಅವಳನ್ನು ತವರಿಗೆ ಕರೆಯಲು ರೈಲಿನಲ್ಲಿ ಹೋಗಿಬಂದಿದ್ದ, ಹೋಗಲು ಎರಡು ದಿನ, ಬರಲು ಎರಡು ದಿನ. ಮೂರನೆಯ ವರ್ಷ ಗಿರಣಿ ಹಾಕಿದ. ಆಮೇಲೆ ‘ನೀನ ಬಾರವಾ’ ಎಂದು ಫೋನು ಮಾಡುವುದೇ ಕರೆಯುವುದಾಯಿತು. ಕರೆಯಲು ಬಾರದ ಅಣ್ಣನ ತವರಿಗೆ ಯಾವಳೂ ತಾನಾಗಿ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಪ್ರತಿ ವರ್ಷ ಕರೆದ.

‘ಗೋಕಾಕದಿಂದ ಅಂಕಲಗಿ ಮ್ಯಾಲೆ ಹಾದ ಹೋಗೂದ ಹತ್ತರ ಇತ್ತ ಕಾಕಾ, ಆ ದಾರಿ ಎಲ್ಲಾ ಕೆತ್ತಿ ಒಗದಾರ. ಘಟಪ್ರಭಾ, ಹುಕ್ಕೇರಿ ಮ್ಯಾಲೆ ಹೋಗಿ ಹೈವೇ ಹಿಡಿಯೂನು’ ಎಂದ ಈಶ್ವರ. ಭೀಮಶಿ ಹೂಂ ಎಂದ. ಸ್ಟೇಶನ್ನಿನ ಮುಂದೆ ಹಾಯುವಾಗ ಆ ಕಡೆ ನೋಡಲಿಲ್ಲ. ಎದುರಿನ ಚಹಾದಂಗಡಿಯ ಕಡೆ ನೋಡಿದ. ಆಗಲೇ ಪರಶುರಾಮನ ಫೋನು ಬಂತು. ಈಗ ಹೇಳಿಬಿಡಬೇಕು. ಬಾಯಿ ತೆರೆದ. ‘ಮಾವಾರ, ಕಾರ್ಖಾನಿ ಸಾಹೇಬ್ರು ಜೀಪ ಕೊಟ್ಟಾರ್ರಿ. ಲಖನೌ ವಿಮಾನ ನಿಲ್ದಾಣಕ್ಕ ಕಳಸೀನಿ. ಡ್ರೈವರ್ ನಿಮ್ಮ ಹೆಸರ ಬರಕೊಂಡ ಹಿಡಕೊಂಡ ನಿಂದರ್ತಾನ. ನಿಮಗ ಹುಡುಕ್ಯಾಡೂದ ಬ್ಯಾಡ. ಎಲ್ಲಾರಿಗೂ ಹೇಳೀನಿ, ನೀವು ಬರೂತನಾ ಎತ್ತಂಗಿಲ್ಲ ಅಂತ. ಹೊಂಟ್ರಿ?’ ‘ಹೊಂಟೇನ್ರಿ’ ಎಂದ ಭೀಮಶಿ. ಅದು ಸುಳ್ಳಲ್ಲ. ಫೋನಿಟ್ಟ ಮೇಲೆ ಈಶ್ವರ ಒಮ್ಮೆ ತಿರುಗಿ ನೋಡಿ ಮತ್ತೆ ರಸ್ತೆ ನೋಡಿದ. ಎಳೆಯ ಕಬ್ಬಿನ ಹೊಲಗಳು ಎರಡೂ ಬದಿಗೆ ಸರಿಯುತ್ತಿದ್ದವು. ಯಾರೋ ಗೊತ್ತಿಲ್ಲದವನೊಬ್ಬ, ತನ್ನ ಭಾಷೆ ಬಾರದವನೊಬ್ಬ, ತನ್ನ ಹೆಸರನ್ನು ಹಿಂದಿಯಲ್ಲಿ ಬರೆದು ಎದೆಗೆ ಹಿಡಿದು ನಿಂತಿರುತ್ತಾನೆ, ಬಾಗಿಲಿನಿಂದ ಬರುವ ಒಬ್ಬೊಬ್ಬರ ಮುಖವನ್ನೂ ನೋಡುತ್ತ. ಕರೆಯುವುದು ಎಂದರೆ ಇದು ಎಂದು ಭೀಮಶಿಗೆ ಅನ್ನಿಸಿತು.

ಹುಕ್ಕೇರಿಯಲ್ಲಿ ಅಂಗಡಿಗಳು ಆಗತಾನೆ ತೆರೆಯುತ್ತಿದ್ದವು. ಮೊದಲನೆಯ ಬಟ್ಟೆ ಅಂಗಡಿಯಲ್ಲಿ ‘ಮಣ್ಣಿನ ಕಾರ್ಯಕ್ಕ ಒಂದ ಸೀರಿ ಬೇಕಾಗಿತ್ರಿ’ ಎಂದು ಇದ್ದದ್ದನ್ನು ಇದ್ದಂತೆ ಕೇಳಿದ. ಊದಿನಕಡ್ಡಿ ಬೆಳಗುತ್ತಿದ್ದ ಅಂಗಡಿಯವನ ಕೈ ನಿಂತಿತು. ‘ತಪ್ಪ ತಿಳೀಬ್ಯಾಡ್ರಿ ಯಜಮಾನ್ರ, ಇನ್ನಾ ಬೋಣಿ ಆಗಿಲ್ಲ. ದಿನದ ಮೊದಲನೇ ವ್ಯಾಪಾರ ಹೆಣದ ಸೀರಿದ ಮಾಡಿದ್ರ ಹೆಂಗ್ರಿ? ಒಂದ ಗಿರಾಕಿ ಆಗ್ಲಿ. ಕುಂದರ್ರಿ, ಚಾ ತರಸ್ತೀನಿ.’ ಕೂರಲು ಹೊತ್ತಿರಲಿಲ್ಲ. ನಾಲ್ಕು ಅಂಗಡಿ ದಾಟಿ ಇನ್ನೊಂದನ್ನು ಹತ್ತಿದ. ಅಲ್ಲಿನ ದಪ್ಪ ಸಾವ್ಕಾರ ಗಾದಿಯ ಮೇಲೆ ಸರಿಯಾಗಿ ಕೂರುವ ಮೊದಲೇ ‘ಬರ್ರಿ ಬರ್ರಿ, ಏನ ಕಾರ್ಯಾರಿ?’ ಎಂದ. ‘ತಂಗಿ ಕುಪ್ಪಸದ ಕಾರ್ಯಾರಿ’ ಎಂದಿತು ಭೀಮಶಿಯ ಬಾಯಿ. ಬಸುರಿ ತಂಗಿಗೆ ಹಸಿರು ಸೀರೆ ಉಡಿಸುವ ಕಾರ್ಯ. ಅಂಗಡಿಯವನ ಮುಖ ಅರಳಿತು. ‘ಹಸರ ಸೀರಿ ಅನ್ರಿ ಮತ್ತ! ಚೊಚ್ಚಲೇನ್ರಿ?’ ‘ಹೂಂ.’ ‘ಮಾವ ಆಗೂ ಮಂದಿ, ಮಾರಿ ಹಿಂಗ ಯಾಕ ಮಾಡೀರಿ? ಹುಟ್ಟೂ ಮುಂಚೆನ ಅಳಿಯಗ ಬಂಗಾರ ಕೇಳ್ಯಾರೇನ?’ ತನ್ನ ಮಾತಿಗೆ ತಾನೇ ನಕ್ಕ. ಭೀಮಶಿಯೂ ಹಲ್ಲು ತೋರಿಸಿದ. ಸಾವ್ಕಾರ ಒಂದೊಂದಾಗಿ ಮಡಿಕೆ ಬಿಚ್ಚಿ ಗಾದಿಯ ತುಂಬ ಹಸಿರು ಹರವಿದ, ಈ ಅಂಚು ನೋಡ್ರಿ, ಈ ಸೆರಗು ನೋಡ್ರಿ ಎಂದ, ತಂಗಿ ಬೆಳ್ಳಗದಾಳೋ ಕರ್ರಗದಾಳೋ ಎಂದು ಕೇಳಿದ. ತಾಯವ್ವ ಈಗ ಹೇಗಿದ್ದಳು? ಅವಳನ್ನು ಕಣ್ಣಾರೆ ನೋಡಿ ಆರು ವರ್ಷವೋ ಏಳೋ. ‘ನಿಮ್ಮ ಕೈಲೆ ಬಂದದ್ದ ಕೊಡ್ರಿ’ ಎಂದ. ಸಾವ್ಕಾರ ಒಂದನ್ನು ಆರಿಸಿ, ಕಣ್ಣಿಗೊತ್ತಿ, ಕಾಗದದಲ್ಲಿ ಸುತ್ತಿ, ‘ಸುಖಾ ಇರ್ಲಿ ನಿಮ್ಮ ತಂಗಿ, ನೂರ ವರ್ಷ ಬಾಳ್ಲಿ’ ಎಂದು ಎರಡೂ ಕೈಯಿಂದ ಕೊಟ್ಟ. ತಾಯವ್ವನ ಹೊಟ್ಟೆಯಲ್ಲಿ ಮಕ್ಕಳು ನಿಂತಿರಲಿಲ್ಲ. ಎರಡು ಸಲ ಹೋಗಿದ್ದವು. ಆ ಸೀರೆಯನ್ನು ಅವಳಿಗೆ ಯಾರೂ ಕೊಂಡಿರಲೇ ಇಲ್ಲ.

ಬೆಳಗಾವಿ ಹತ್ತಿರದ ಸಾಂಬ್ರಾದ ವಿಮಾನ ನಿಲ್ದಾಣ ಅವನಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋದ. ಬೆಲ್ಟು ಬಿಚ್ಚಿ ಎಂದರು, ಬಿಚ್ಚಿದ. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತ. ಯಂತ್ರದಾಚೆ ಅವನ ಕೈಚೀಲ ಮಾತ್ರ ಬೇರೆ ಹಾದಿಗೆ ಸರಿಯಿತು. ಸಮವಸ್ತ್ರದ ಪೋರ ಅದನ್ನು ತೆರೆದು ಹೊಲಿಗೆಯ ಅಂಚಿನಲ್ಲಿದ್ದ ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ‘ಯೇ ಕ್ಯಾ ಹೈ?’ ಎಂದ. ‘ಜ್ವಾಳದ ಹಿಟ್ಟ್ರಿ. ಗಿರಣಿ ಐತ್ರಿ ನಂದು.’ ಪೋರನಿಗೆ ತಿಳಿಯಲಿಲ್ಲ. ಹಿಂದೆ ಸಾಲಿನಲ್ಲಿದ್ದವರೊಬ್ಬರು ಹಿಂದಿಯಲ್ಲಿ ಹೇಳಿದರು, ಹೇಳಿ, ನಕ್ಕರು. ಬಿಳಿ ಬಟ್ಟೆಯ ಗಂಟು ಬಿಚ್ಚಿತು. ಅಕ್ಕಿ ಸರಿ, ಉತ್ತತ್ತಿ ಸರಿ. ಒಣಕೊಬ್ಬರಿ ಒಯ್ಯುವಂತಿಲ್ಲ. ಅದರಲ್ಲಿ ಎಣ್ಣೆಯಿರುತ್ತದೆ, ಬೆಂಕಿ ಹಿಡಿಯುತ್ತದೆ ಎಂದು ಆ ಹಿಂದಿನವರೇ ಕನ್ನಡದಲ್ಲಿ ವಿವರಿಸಿದರು. ‘ಸತ್ತವರಿಗೆ ಒಯ್ಯಾಕತ್ತೇನ್ರಿ’ ಎಂದ ಭೀಮಶಿ, ಇವತ್ತು ಎರಡನೆಯ ಸಲ ಸಾವಿನ ನಿಜ ಹೇಳುತ್ತ, ಬೆಲ್ಟಿಲ್ಲದ ಪ್ಯಾಂಟು ಹಿಡಿದುಕೊಂಡೇ. ಆಗ ಅವರು ನಗುವುದನ್ನು ಬಿಟ್ಟರು. ಪೋರ ಎರಡು ಬಟ್ಟಲುಗಳನ್ನು ಎತ್ತಿ, ಒಂದು ಕ್ಷಣ ತಡೆದು, ಕತ್ತರಿಗಳೂ ಲೈಟರುಗಳೂ ಬಿದ್ದಿದ್ದ ಡಬ್ಬಿಯೊಳಗೆ ಎಸೆಯದೆ ಮೆಲ್ಲಗೆ ಇಟ್ಟ. ಆ ಮೆಲ್ಲಗೆ ಇಟ್ಟದ್ದು ಎಸೆದದ್ದಕ್ಕಿಂತ ಹೆಚ್ಚು ನೋಯಿಸಿತು.

ವಿಮಾನ ಏಳುವಾಗ ಗಿರಣಿ ಚಾಲೂ ಮಾಡಿದಂತೆ ಸದ್ದಾಯಿತು; ಅವನ ಮೈ ತಾನಾಗಿ ಆ ಸದ್ದಿಗೆ ಒಗ್ಗಿಕೊಂಡಿತು, ಕಿವಿ ತಾನಾಗಿ ಎಲ್ಲ ಮಾತುಗಳಿಗೂ ಮುಚ್ಚಿಕೊಂಡಿತು. ಸೀರೆಯ ಪೊಟ್ಟಣ ತೊಡೆಯ ಮೇಲಿತ್ತು. ಕಿಟಕಿಯಲ್ಲಿ ಹೊಲಗಳು ಓರೆಯಾದವು, ತಿರುಗಿದವು. ಸೂರ್ಯ ಎಲ್ಲಿದ್ದಾನೆಂದು ನೋಡಿ ದಿಕ್ಕು ಲೆಕ್ಕ ಹಾಕಿದ. ದಕ್ಷಿಣ. ಉತ್ತರದಲ್ಲಿ ಸತ್ತು ಮಲಗಿದವಳ ಕಡೆಗೆ ಬೆನ್ನು ಮಾಡಿ, ಕ್ಷಣಕ್ಷಣಕ್ಕೂ ಅವಳಿಂದ ದೂರ ಹೋಗುತ್ತಿದ್ದೇನೆ, ಇದಕ್ಕೂ ಹೋಗುವುದು ಎಂದೇ ಹೆಸರು. ಗೆರೆ ಹೊಡೆದವರು ತಪ್ಪು ಬರೆದಿರಲಿಲ್ಲ. ಅವಳಿಗೂ ತನಗೂ ನಡುವಿನ ದೂರ ಇವತ್ತೂ ಅಷ್ಟೇ, ಇಪ್ಪತ್ತು ವರ್ಷವೂ ಅಷ್ಟೇ ಇತ್ತು, ಎರಡು ತಾಸು ಹತ್ತು ನಿಮಿಷ. ಹಾಗೆ ಹೋಗುವ ವಿಮಾನ ಒಂದು ಇರಲಿಲ್ಲ, ಅಷ್ಟೆ. ಈಗ ಅಲ್ಲಿ ಅವಳನ್ನು ಎಲ್ಲಿ ಮಲಗಿಸಿರಬಹುದು? ಮೈ ಕೆಡದಂತೆ ಇಡಲು ಬರ್ಫ ಸಿಕ್ಕಿತೋ ಇಲ್ಲವೋ. ತಾನು ಬೆಳಿಗ್ಗೆ ಹೂಂ ಅಂದಿದ್ದರೆ ಪರಶುರಾಮ ಅಲ್ಲಿಯ ಪೇಟೆಯಲ್ಲಿ ಸೀರೆ ಕೊಂಡು, ಅಣ್ಣನ ಹೆಸರಿನಲ್ಲಿ ಹೊದಿಸಿ, ತಂಪು ಹೊತ್ತಿನಲ್ಲಿ ಒಯ್ದಿರುತ್ತಿದ್ದ. ತನ್ನ ಹೆಸರಾದರೂ ಹೊತ್ತಿಗೆ ಸರಿಯಾಗಿ ಮುಟ್ಟಿರುತ್ತಿತ್ತು. ಬೇಡ ಎಂದವನು ತಾನು. ತಂಗಿಗಾಗಿ ಬೇಡ ಎಂದೆನೋ, ಆ ಕಾಲೋನಿಯ ಮಂದಿ ವಿಮಾನದಿಂದ ಇಳಿದುಬಂದ ಅಣ್ಣನನ್ನು ನೋಡಲಿ ಎಂದೋ? ಲೋಟ ಹಿಡಿದ ವಿಮಾನದ ಹುಡುಗಿ ನಗುತ್ತ ಬಗ್ಗಿ ನೀರು ಬೇಕೇ ಎಂದಳು. ಬೇಡ ಎಂದು ತಲೆಯಾಡಿಸಿದ. ಬೇಕಾಗಿತ್ತು.

ಬೆಂಗಳೂರಿನಲ್ಲಿ ಕಾಯುವ ಜಾಗ ಒಂದು ಊರಿನಷ್ಟಿತ್ತು. ಯಾರನ್ನೂ ಕೇಳಲಾರದೆ ಅವರಿವರ ಹಿಂದೆ ನಡೆದು, ಎರಡು ಸಲ ತಪ್ಪಿ, ಕೊನೆಗೆ ತನ್ನ ಬಾಗಿಲ ಸಂಖ್ಯೆಯೆದುರಿನ ಕುರ್ಚಿಯಲ್ಲಿ ಕೂತ. ಫೋನು ತೆಗೆದ. ಪರಶುರಾಮನಿಂದ ಒಂದೂ ಕರೆ ಬಂದಿರಲಿಲ್ಲ. ಮಧ್ಯಾಹ್ನ ದಾಟಿಹೋಗಿತ್ತು, ಆದರೂ ಎಲ್ಲಿದ್ದೀರಿ ಎಂದು ಅವನು ಕೇಳಿರಲಿಲ್ಲ. ಆ ಕೇಳದಿರುವುದಕ್ಕೆ ಭೀಮಶಿ ಬಹಳ ಹೊತ್ತು ಹೆದರಿ ಕೂತ. ಆಮೇಲೆ ಹಚ್ಚಿದ.

‘ಮಾವಾರ.’

‘ಅಳಿಯಾರ, ನಾ ಬೆಂಗಳೂರಾಗ ಅದೇನ್ರಿ.’

‘ಹೂಂನ್ರಿ.’

‘ಅದು... ಸೀದಾ ವಿಮಾನ...’

‘ಜೀಪಿನವ ಫೋನ್ ಮಾಡಿದ್ನರಿ,’ ಎಂದ ಪರಶುರಾಮ, ದನಿ ತಗ್ಗಿಸಿ, ಹತ್ತಿರ ಯಾರೋ ಇದ್ದಂತೆ. ‘ಬೆಳಗಾವಿಂದ ಇಲ್ಲಿಗಿ ವಿಮಾನನ ಬರಂಗಿಲ್ಲ ಅಂದ್ರಂತ ಅಲ್ಲೆ. ನಾ ಇಲ್ಲಿ ಮಂದಿಗೆ ಹೇಳೀನ್ರಿ, ವಿಮಾನ ತಡಾ ಆಗೈತಿ ಅಂತ. ನೀವೂ ಹಂಗ ಹೇಳ್ರಿ.’

ಭೀಮಶಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

‘ಕಾದಿವ್ರಿ ಮಾವಾರ. ಇನ್ನ ಕಾಯೂ ಹಂಗ ಇರಲಿಲ್ಲ. ಹೆಣ್ಮಕ್ಳು ಅಳಾಕ ಹತ್ತಿದ್ರು, ತವರಿಂದು ಇಲ್ದ ಹೆಂಗ ಕಳಸೂದು ಅಂತ, ನಾನ ಅವರಿಗೆ ನಮ್ಮ ಪದ್ಧತಿ ಹೇಳಿದ್ದೆ. ಕಡೀಕ ಬಾಜೂ ಮನಿ ಅಕ್ಕ, ಇಲ್ಲಿಯವರ, ಒಳಗ ಹೋಗಿ ತನ್ನ ಮದಿವಿ ಸೀರಿ ತಂದಳ್ರಿ. ನಾನ ಇವಳ ತವರು ಅಂದಳು. ಹೊಚ್ಚಿದಳು. ಇಲ್ಲಿ ಮಣ್ಣ ಮಾಡಾಕ ಜಾಗಾ ಇಲ್ರಿ. ನದಿಗಿ ಒಯ್ದ ಬೆಂಕಿ ಕೊಟ್ಟ, ಈಗ ಬಂದ ಕುಂತೇನಿ.’ ಮತ್ತೆ ಕೇಳಿದ: ‘ಉಂಡ್ರಿ ಏನ? ವಿಮಾನದಾಗ ಏನರೆ ಕೊಟ್ರ?’

‘ಕೊಟ್ಟಾರ್ರಿ,’ ಎಂದ ಭೀಮಶಿ.

‘ಬರ್ರಿ ಹಂಗಾರ. ಜೀಪ ಅಲ್ಲೇ ಇರ್ತೈತಿ. ಅವಗ ನಿಂದರ ಅಂತ ಹೇಳೀನಿ.’

ಫೋನಿಟ್ಟ ಮೇಲೂ ಅದನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದ. ಬೈದಿದ್ದರೆ ಏನಾಗುತ್ತಿತ್ತು? ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದ್ದರೆ ಸುಳ್ಳಲ್ಲ ಎಂದು ವಾದಿಸಬಹುದಿತ್ತು, ಮೊಬೈಲಿನಲ್ಲಿ ಹಾಗೆ ಬರೆದಿತ್ತು, ಬೇಕಾದರೆ ನೋಡಿ ಎನ್ನಬಹುದಿತ್ತು. ಹೆಂಡತಿಗೆ ಬೆಂಕಿ ಕೊಟ್ಟು ಬಂದವನು ಭೀಮಶಿಯ ಮಾನ ಮುಚ್ಚಲು ಒಂದು ಸುಳ್ಳು ಹುಡುಕಿಟ್ಟಿದ್ದ. ಸ್ಟೇಶನ್ನಿನ ನಳದ ಹತ್ತಿರ ಕಾಲು ಜಾರಿದ್ದನ್ನು ಅಂದು ಯಾರೂ ನೋಡಿರಲಿಲ್ಲ ಎಂದುಕೊಂಡಿದ್ದ. ತಾಯವ್ವ ನೋಡಿರಬಹುದು. ಸರಿಯುವ ಕಿಟಕಿಯಿಂದ ನೋಡಿ, ನೋಡದಂತೆ ಮುಖ ತಿರುಗಿಸಿರಬಹುದು. ಅವಳ ಸ್ವಭಾವವೇ ಅಂಥದು, ಅವಳ ಗಂಡನದೂ. ಪೊಟ್ಟಣದ ಕಾಗದ ಬೆವರಿಗೆ ಒದ್ದೆಯಾಗಿ ಹರಿದು ಹಸಿರು ಅಂಚು ಹೊರಗೆ ಇಣುಕುತ್ತಿತ್ತು. ಇದನ್ನು ಏನು ಮಾಡುವುದು? ತನ್ನ ಮದುವೆಯ ಸೀರೆ ಕೊಟ್ಟ ಆ ಹೆಂಗಸಿಗೆ ಕೊಡಬಹುದೆ? ಹೆಣಕ್ಕೆಂದು ತಂದದ್ದನ್ನು ಬದುಕಿದವಳು ಉಡಬಾರದು. ಆದರೆ ಅಂಗಡಿಯವನು ಕೊಟ್ಟದ್ದು ಬದುಕಿದವಳಿಗೆ, ಬಸುರಿಗೆ, ನೂರು ವರ್ಷ ಬಾಳುವವಳಿಗೆ. ಎರಡನೆಯ ವಿಮಾನಕ್ಕೆ ಕರೆದರು. ಜನ ಎದ್ದು ಸಾಲಾದರು. ಅವನೂ ಎದ್ದ.

ಈ ಸಲ ವಿಮಾನ ಉತ್ತರಕ್ಕೆ ತಿರುಗಿತು. ಎಲ್ಲೋ ಒಂದು ಕಡೆ ಅದು ಬೆಳಗಾವಿಯನ್ನು ಎಡಕ್ಕೆ ಬಿಟ್ಟು, ಬೆಳಿಗ್ಗೆ ಹೊರಟ ಊರಿನ ಅಕ್ಷಾಂಶವನ್ನು ದಾಟಿ ಮುಂದೆ ಹೋಗಿರಬೇಕು; ಕೆಳಗೆ ಮೋಡ ಇದ್ದುದರಿಂದ ಏನೂ ಕಾಣಲಿಲ್ಲ. ಭೀಮಶಿ ತಂಗಿಯ ಊರಿಗೆ ವಿಮಾನದಲ್ಲಿಯೇ ಹೋದ. ಸೀರೆಯನ್ನು ಅವನೇ ಒಯ್ದ. ಹೊದಿಸಲಿಲ್ಲ.